ಕಾಡ್ಗಿಚ್ಚಿಗೆ ಬಿಸಿಲೊಂದೇ ಕಾರಣವಲ್ಲ

ಮಾನ್ಯ ಸಂಪಾದಕರೇ,

ಮಲೆನಾಡಿನ ಕಾಡಿಗೆ ಬೆಂಕಿ ಬಿದ್ದಾಗಲೆಲ್ಲ ಆ ವರ್ಷದ ಬಿಸಿಲನ್ನು ದೂರುವುದು ರೂಢಿಯಾಗಿದೆ. ಕಿಡಿ ಬಹುಪಾಲು ಮನುಷ್ಯರದೇ. ಆದರೆ ಅದು ಎಷ್ಟು ದೂರ ಹಬ್ಬೀತು ಎಂಬುದು ಹಿಂದಿನ ಮಳೆ ಮತ್ತು ಅಲ್ಲಿನ ಗಿಡಮರಗಳನ್ನು ಅವಲಂಬಿಸಿದೆ. ಮುಂಗಾರು ಚೆನ್ನಾಗಿ ಸುರಿದ ವರ್ಷ ಭದ್ರಾ ಅಭಯಾರಣ್ಯದಂಥ ಎಲೆಯುದುರುವ ಕಾಡುಗಳಲ್ಲಿ ಹುಲ್ಲು ಸೊಕ್ಕಿ ಬೆಳೆದು, ಫೆಬ್ರುವರಿಯ ಹೊತ್ತಿಗೆ ಒಣಗಿ ನಿಲ್ಲುವುದರಿಂದ, ಒಳ್ಳೆಯ ಮಳೆಯೇ ಬೆಂಕಿಗೆ ಉರುವಲು ಒದಗಿಸುತ್ತದೆ.

ಆಗುಂಬೆಯ ನಿತ್ಯಹರಿದ್ವರ್ಣ ಕಾಡಿನ ತೇವದ ನೆಲಕ್ಕೆ ಬೆಂಕಿ ಸುಲಭವಾಗಿ ನುಗ್ಗದು. ಅಂಚಿನ ಮರ ಕಡಿದು ಮೇಲಿನ ಹಂದರ ಹರಿದರೆ ಮಾತ್ರ ಬಿಸಿಲು ಒಳಬಂದು ಯುಪಟೋರಿಯಂ, ಲಂಟಾನಗಳಂಥ ಹೊರಗಿನ ಕಳೆಗಿಡಗಳು ಹಬ್ಬುತ್ತವೆ. ಸುಟ್ಟರೂ ಇವು ಬುಡದಿಂದ ಚಿಗುರುತ್ತವೆ, ತೆಳುತೊಗಟೆಯ ಸಸಿಗಳು ಸಾಯುತ್ತವೆ, ಮುಂದಿನ ಬೆಂಕಿಗೆ ದಾರಿ ಸಲೀಸಾಗುತ್ತದೆ.

ಹಾಗೆಂದು ಕುದುರೆಮುಖದ ಹುಲ್ಲುಗುಡ್ಡಗಳೆಲ್ಲ ಬೆಂಕಿಯಿಂದ ಬೋಳಾದವು ಎನ್ನುವುದು ಅವಸರದ ತೀರ್ಮಾನ. ಸುಮಾರು 20,000 ವರ್ಷಗಳ ಹಿಂದಿನ ಶುಷ್ಕ ಕಾಲದಲ್ಲಿ ಹುಲ್ಲುಗಾವಲು ಹಿಗ್ಗಿದ್ದಕ್ಕೆ ಇದೇ ಪಶ್ಚಿಮಘಟ್ಟದ ನೀಲಗಿರಿಯ ಜೌಗುಮಣ್ಣಿನಲ್ಲಿ ಕುರುಹುಗಳಿವೆ; ಅಂದರೆ ಹವೆಯಿಂದಲೂ ಹುಲ್ಲುಗಾವಲು ಹಬ್ಬಬಲ್ಲದು.

ನಮ್ಮ ಸಾಗರ ಸೀಮೆಯಲ್ಲಿ ಸೊಪ್ಪಿನಬೆಟ್ಟದ (ರೈತರಿಗೆ ಸೊಪ್ಪು, ತರಗೆಲೆಗಾಗಿ ಬಿಟ್ಟ ಕಾಡಿನ) ದರಕನ್ನು, ಅಂದರೆ ತರಗೆಲೆಯನ್ನು, ಗುಡಿಸಿ ಕೊಟ್ಟಿಗೆಗೆ ಹಾಸುತ್ತಿದ್ದರು. ಈಗ ದನಗಳೇ ಕಡಿಮೆ, ದರಕು ಅಲ್ಲೇ ಉಳಿದು ಉರುವಲಾಗುತ್ತದೆ. ಪಕ್ಕದ ಅಕೇಶಿಯಾ ನೆಡುತೋಪಿನಲ್ಲಂತೂ ಬೇಗ ಕೊಳೆಯದ ಎಲೆ ಪಾದ ಮುಳುಗುವಷ್ಟು ಬಿದ್ದಿದೆ. ಬೇಸಿಗೆಗೆ ಮುಂಚೆ, ಬೆಂಕಿ ದಾಟದಂತೆ ಹುಲ್ಲು, ಎಲೆ ತೆಗೆದ ಪಟ್ಟಿಯನ್ನು, ಅಂದರೆ ಬೆಂಕಿರೇಖೆಯನ್ನು, ಸವರಿದರಷ್ಟೇ ಸಾಲದು. ಉಪಗ್ರಹಗಳ ದಾಖಲೆ ಎರಡು ದಶಕಗಳಿಗೂ ಹಿಂದಿನಿಂದ ಇರುವುದರಿಂದ, ಯಾವ ಜಾಗ ಎಷ್ಟು ವರ್ಷಕ್ಕೊಮ್ಮೆ ಸುಡುತ್ತಿದೆ ಎಂಬ ನಕ್ಷೆಯನ್ನು ಅರಣ್ಯ ಇಲಾಖೆಯು ಗ್ರಾಮ ಅರಣ್ಯ ಸಮಿತಿಗಳಿಗೆ ಕೊಡಲಿ, ಸಹಜ ಕಾಡಿನ ಅಂಚಿನಲ್ಲಿ ಹೊಸದಾಗಿ ಅಕೇಶಿಯಾ ನೆಡುವುದನ್ನು ಬಿಡಲಿ.

– ಓದುಗ, ಸಾಗರ, ಶಿವಮೊಗ್ಗ ಜಿಲ್ಲೆ