ಗುರ್ ಅಂದ ನಾಯಿಗೆ ಹೊಡೆಯಬೇಡಿ

ಮಾನ್ಯ ಸಂಪಾದಕರೇ,

ನಮ್ಮ ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ಮುಗಿದು ಕೋವಿಗಳು ಮತ್ತೆ ಒಳಗೆ ಸೇರಿವೆ. ನಮ್ಮ ಮನೆಯ ಕೋವಿ ಹೋದ ತಿಂಗಳು ನಮ್ಮದೇ ನಾಯಿಯ ಮೇಲೆ ಹೊರಡುವುದರಲ್ಲಿತ್ತು. ಅದಕ್ಕೇ ಈ ಪತ್ರ.

ಕಕ್ಕಡದ (ಆಟಿ ತಿಂಗಳ) ಮಳೆ. ಮೂರು ದಿನದಿಂದ ಕರೆಂಟ್ ಇರಲಿಲ್ಲ. ಗದ್ದೆ ಕಡೆಯಿಂದ ನೆನೆದು ಬಂದ ಕರಿಯನ ತಲೆಯನ್ನು ಗೋಣಿಚೀಲದಲ್ಲಿ ಒರೆಸುತ್ತಿದ್ದೆ. ಗುರ್ ಅನ್ನಲಿಲ್ಲ, ಹಲ್ಲು ತೋರಿಸಲಿಲ್ಲ, ನೇರ ನನ್ನ ಹೆಬ್ಬೆರಳಿನ ಬುಡಕ್ಕೇ ಬಾಯಿ ಹಾಕಿದ. 6 ವರ್ಷ ಸಾಕಿದ ನಾಯಿ! 'ಹುಚ್ಚು ಹಿಡಿದಿದೆ, ಇನ್ನೇನು ನೋಡ್ತೀರಿ, ಕೋವಿ ತೆಗೀರಿ' ಅಂದರು ಪಕ್ಕದ ತೋಟದವರು. ನನ್ನ ಹೆಂಡತಿ ಬಿಡಲಿಲ್ಲ. ಪಶುವೈದ್ಯರು ಬಂದು ಕರಿಯನ ಕಿವಿ ಮಡಚಿ ತೋರಿಸಿದರು. ಒಳಗೆಲ್ಲ ಕೀವು, ಕೆಟ್ಟ ವಾಸನೆ. ಅದೇ ಕಿವಿಯನ್ನು ನಾನು ಗೋಣಿ ಹಾಕಿ ತಿಕ್ಕಿದ್ದೆ.

ಸರಿ, ನೋವಿಗೆ ಕಚ್ಚಿದ. ಮೊದಲು ಗುರ್ ಅನ್ನಬೇಕಿತ್ತಲ್ಲ? ವೈದ್ಯರು ಹಾಗೆ ಕೇಳಿದಾಗ ನನಗೆ ನಾಚಿಕೆಯಾಯಿತು. ಮರಿಯಾಗಿದ್ದಾಗ ಹಂದಿ ಮೂಳೆ ಹಿಡಿದುಕೊಂಡು ಗುರ್ ಅಂದರೆ ಕೋಲಿನಲ್ಲಿ ಬಾರಿಸುತ್ತಿದ್ದೆ. ಅವನು ಗುರ್ ಅನ್ನುವುದನ್ನು ಬಿಟ್ಟ, ಕಚ್ಚುವುದನ್ನು ಬಿಡಲಿಲ್ಲ. ಬಾಯಲ್ಲಿದ್ದದ್ದನ್ನು ಕಿತ್ತುಕೊಳ್ಳಬಾರದಂತೆ. ಅದಕ್ಕಿಂತ ರುಚಿಯಾದ ಚೂರೊಂದನ್ನು ದೂರಕ್ಕೆ ಎಸೆದರೆ ತಾನೇ ಬಿಟ್ಟು ಹೋಗುತ್ತದೆ.

ತೋಟದ ನಾಯಿಗಳ ಪಾಡು ಬೇರೆ. ಹಗಲಿಡೀ ಚೈನ್, ರಾತ್ರಿ ಬಿಡುಗಡೆ. ಕಣದ ಪಕ್ಕ ಕಟ್ಟಿದ ನಾಯಿ ಕೆಲಸದವರನ್ನು ಕಂಡು ಬೊಗಳುತ್ತದೆ. ಅವರು ತಮ್ಮ ಪಾಡಿಗೆ ಮುಂದೆ ಹೋಗುತ್ತಾರೆ. ನಾಯಿಗೆ ಮಾತ್ರ ತಾನೇ ಓಡಿಸಿದೆ ಅಂತ! ದಿನಾ ಹೀಗೆ ಗೆದ್ದು ಗೆದ್ದು ಜೋರು ಜಾಸ್ತಿಯಾಗುತ್ತದೆ. ಇದು ಜಾಗ ಕಾಯುವ ಸಿಟ್ಟು. ಅದೇ ನಾಯಿ ಮಳೆಗೆ ತಲೆ ಮೇಲಿಂದ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡ ಹೊಸ ಆಳನ್ನು ಕಂಡು ಬಾಲ ಮುದುರಿ, ತುಟಿ ನೆಕ್ಕುತ್ತಾ, ಕಣ್ಣಿನ ಬಿಳಿ ಕಾಣುವ ಹಾಗೆ ಓರೆಯಾಗಿ ನೋಡಿದರೆ ಅದು ಹೆದರಿಕೆ. ಓಡೋಣವೆಂದರೆ ಚೈನ್. ಹತ್ತಿರ ಹೋದರೆ ಕಚ್ಚದೆ ಇನ್ನೇನು ಮಾಡೀತು? ಮರಿ ಹಾಕಿದ ಹೆಣ್ಣು ನಾಯಿಯ ವಿಷಯ ಹೇಳುವುದೇ ಬೇಡ, ಅದು ಎಲ್ಲರಿಗೂ ಗೊತ್ತು ಅಲ್ವಾ.

ಹಾಗಂತ ಕಡಿತವನ್ನು ಸುಮ್ನೆ ಬಿಡುವಂತಿಲ್ಲ. ರೇಬಿಸ್ ಲಕ್ಷಣ ಶುರುವಾದ ಮೇಲೆ ಮನುಷ್ಯ ಉಳಿಯುವುದು ಇಲ್ಲವೆಂದೇ ಹೇಳಬೇಕು. ಯಾರೋ ಅರಿಶಿನ, ಸುಣ್ಣ ತಂದರು, ಬೇಡವೆಂದೆ. ನಲ್ಲಿ ಕೆಳಗೆ ಸೋಪು ಹಾಕಿ 15 ನಿಮಿಷ ತೊಳೆದೆ. ಕರಿಯನಿಗೆ ಲಸಿಕೆ ಆಗಿದ್ದರೂ ಆಸ್ಪತ್ರೆಗೆ ಹೋಗಿ ನನ್ನ ಇಂಜೆಕ್ಷನ್‌ಗಳನ್ನು ಒಂದೂ ಬಿಡದೆ ಹಾಕಿಸಿಕೊಂಡೆ. ಕಚ್ಚಿದ ನಾಯಿಯನ್ನು 10 ದಿನ ಕಣ್ಣಿಟ್ಟು ನೋಡಬೇಕು ಅಂದರು. ಗುಂಡು ಹೊಡೆದಿದ್ದರೆ ಯಾರನ್ನು ನೋಡುವುದು?

ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ಆಗ ಲಸಿಕೆ ಹಾಕಲು ಬರುವ ಪಶುವೈದ್ಯ ಇಲಾಖೆಯವರಲ್ಲಿ ಒಂದು ಕೋರಿಕೆ. ಕೊಯ್ಲಿಗೆ ಹೊಸ ಆಳುಗಳು ಬರುವ ಮೊದಲು ತೋಟದ ಕೆಲಸದವರಿರುವ ಲೈನ್ ಮನೆಗಳಿಗೂ ಬನ್ನಿ. ಸೂಜಿ ಚುಚ್ಚಿ ಹೊರಟುಬಿಡದೆ, ನಾಯಿ ಯಾವಾಗ ಯಾಕೆ ಕಚ್ಚುತ್ತದೆಂದು ಹತ್ತು ನಿಮಿಷ ನಿಂತು ಹೇಳಿ. ಮಕ್ಕಳಿಗೆ ಮೊದಲು ಹೇಳಿ. ಆಮೇಲೆ ನನ್ನಂಥ ಮಾಲೀಕರಿಗೆ.

– ಒಬ್ಬ ಕಾಫಿ ಬೆಳೆಗಾರ, ಪೊನ್ನಂಪೇಟೆ