ಕಾಗೆ ಕೂತದ್ದಕ್ಕೇ ಕೊಂಬೆ ಮುರಿಯಿತೇ?

ಮಾನ್ಯ ಸಂಪಾದಕರೇ,

ಯೋಜನೆ ಬಂತು, ಮರುವರ್ಷ ಆ ಪ್ರದೇಶದ ಆದಾಯ ಏರಿತು, ಆದ್ದರಿಂದ ಯೋಜನೆ ಗೆದ್ದಿತು! ಸರ್ಕಾರಿ ಯೋಜನೆಗಳ ಮೌಲ್ಯಮಾಪನ ವರದಿಗಳಲ್ಲಿ ಈ ವಾದ ಓದಿ ಸಾಕಾಗಿದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿರಬಹುದಲ್ಲ? ಆ ವರ್ಷ ಮಳೆಯೇ ಚೆನ್ನಾಗಿ ಆಗಿರಬಹುದು. ಯೋಜನೆ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ಮಾತ್ರ ವರದಿಯಲ್ಲಿ ಇರುವುದಿಲ್ಲ.

ಆ ಪ್ರಶ್ನೆ ಕೇಳಿದವರಿದ್ದಾರೆ. 1992ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯ ಕನಿಷ್ಠ ವೇತನವನ್ನು ಗಂಟೆಗೆ 4.25 ಡಾಲರ್‌ನಿಂದ 5.05 ಡಾಲರ್‌ಗೆ ಏರಿಸಿತು. ಕೆಲಸಗಳು ಹೋಗುತ್ತವೆಂಬ ಭಯವಿತ್ತು. ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ನ್ಯೂಜೆರ್ಸಿಯನ್ನಷ್ಟೇ ನೋಡಲಿಲ್ಲ. ವೇತನ ಬದಲಾಗದ ಪಕ್ಕದ ಪೂರ್ವ ಪೆನ್ಸಿಲ್ವೇನಿಯಾವನ್ನೂ ಸೇರಿಸಿ, ಏರಿಕೆಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ, 410 ಫಾಸ್ಟ್‌ಫುಡ್ ಮಳಿಗೆಗಳಲ್ಲಿ ಎಷ್ಟು ಜನ ಕೆಲಸಕ್ಕಿದ್ದಾರೆಂದು ವಿಚಾರಿಸಿದರು. ಉದ್ಯೋಗ ಕುಸಿದ ಸುಳಿವು ಸಿಗಲಿಲ್ಲ. ಆ ಅಂಕಿಗಳ ಬಗ್ಗೆ ಮುಂದೆ ಜೋರು ವಾಗ್ವಾದವೂ ನಡೆಯಿತು. ಲೆಕ್ಕ ಬಿಚ್ಚಿಟ್ಟವರಿಗಷ್ಟೇ ಆ ಭಾಗ್ಯ.

ನೆರೆಯ ಪ್ರದೇಶದ ಹೋಲಿಕೆಯೂ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ಸಬ್ಸಿಡಿ ಕೊಟ್ಟಲ್ಲಿಗೆ ಬಂದ ಕಾರ್ಖಾನೆ ಹೊಸದೋ, ಪಕ್ಕದಿಂದ ಎದ್ದು ಬಂದದ್ದೋ? ಎದ್ದು ಬಂದದ್ದಾದರೆ ಇಲ್ಲಿನ ಲಾಭ ಅಲ್ಲಿನ ನಷ್ಟ. ಹೋಲಿಸಿದಾಗ ಅಂತರ ಇಮ್ಮಡಿಯಾಗಿ ಕಾಣುತ್ತದೆ. ತೀರಾ ಹಿಂದುಳಿದ ಪ್ರದೇಶವನ್ನೇ ಆರಿಸಿಕೊಂಡು, ಆಮೇಲೆ ಅದು ಇನ್ನೂ ಹಿಂದಿದೆಯೆಂದು ಯೋಜನೆಯನ್ನು ಹಳಿಯುವುದೂ ಇದೇ ತಪ್ಪಿನ ಇನ್ನೊಂದು ಮಗ್ಗುಲು.

ಯೋಜನೆ ಶುರುವಾಗುವ ಮುನ್ನವೇ, ಅದು ಬರುವ ಮತ್ತು ಬಾರದ ಎರಡೂ ಕಡೆಯ ಅಂಕಿ-ಅಂಶ ಸಂಗ್ರಹಿಸಿ ಪ್ರಕಟಿಸಲಿ.

– ಓರ್ವ ಓದುಗ