ತೀರ್ಥ ಕಳಿಸಿದ್ದೇನೆ, ಅಪ್ಪನ ಕಣ್ಣಿಗೆ ಹಾಕಬೇಡ

ಕಾಠ್ಮಂಡು
ನವೆಂಬರ್ ಕೊನೆ

ಪ್ರೀತಿಯ ಅಮ್ಮನಿಗೆ,

ನಾನು ಕ್ಷೇಮ. ನೀವೂ ಕ್ಷೇಮ ಅಂದುಕೊಂಡಿದ್ದೇನೆ. ಬೆಟ್ಟದ ಮೇಲಿನ ಪುಣ್ಯದ ಕೆರೆ ಗೋಸಾಯಿಕುಂಡಕ್ಕೆ ಹೊರಡುವ ಹಿಂದಿನ ದಿನ ನಿನ್ನ ಕಾಗದ ಕೈಸೇರಿತು. ದಾರಿಯುದ್ದಕ್ಕೂ ಅದೇ ಯೋಚನೆ. ಕಣ್ಣಿಗೆ ಪೊರೆ ಬಂದು ಸರಿಯಾಗಿ ಕಾಣದೆ ಅಪ್ಪ ಅಡಿಕೆಯ ಕೆಂಪುಗೋಟು, ಬಿಳೆಗೋಟು ಎಲ್ಲ ಒಂದೇ ಚೀಲಕ್ಕೆ ತುಂಬಿದರು ಅಂತ ಓದಿ ಮೊದಲು ನಗು ಬಂತು. ಅಟ್ಟದ ಮೆಟ್ಟಿಲು ತಪ್ಪಿದ್ದನ್ನು ಓದಿದ ಮೇಲೆ ನಗು ನಿಂತಿತು. ಇಷ್ಟಾದರೂ ಆಪರೇಷನ್ ಮುಂದಕ್ಕೆ ಹಾಕುತ್ತಲೇ ಇದ್ದಾರಲ್ಲ!

ನೀನು ಕೇಳಿದ ಕುಂಡದ ನೀರು ಈ ಕಾಗದದ ಜೊತೆಗೇ ಬರುತ್ತಿದೆ. ದೇವರ ಮುಂದೆ ಇಡು. ಅಪ್ಪನ ತಲೆಗೆ ಪ್ರೋಕ್ಷಣೆ ಮಾಡು. ಕಣ್ಣಿಗೆ ಮಾತ್ರ ಒಂದು ಹನಿಯೂ ಬೇಡ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ನನ್ನ ಸುದ್ದಿ. ನೀನು ಹೆದರಿದ ಹಾಗೆ ಏನೂ ಆಗಲಿಲ್ಲ. ತಲೆನೋವು ಬರಲಿಲ್ಲ, ವಾಂತಿ ಇಲ್ಲ, ಜಾರಿ ಬೀಳಲಿಲ್ಲ, ಊಟ ಬಿಡಲಿಲ್ಲ. ಉಣ್ಣೆಯ ಟೋಪಿ ರಾತ್ರಿ ಮಲಗುವಾಗಲೂ ತೆಗೆಯಲಿಲ್ಲ. ಬಸ್ಸು ಇಳಿಯುವ ಧುಂಚೆಯೇ ಸುಮಾರು 2,000 ಮೀಟರ್. ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಯಷ್ಟು ಎತ್ತರದಲ್ಲಿ ಇಲ್ಲಿ ಹತ್ತುವುದು ಶುರು! ಕುಂಡ ಇರುವುದು 4,380 ಮೀಟರಿನಲ್ಲಿ. ಗಡಿಬಿಡಿ ಮಾಡಿ ಹತ್ತಿದವರಿಗೇ ಹೆಚ್ಚಾಗಿ ಎತ್ತರದ ಕಾಯಿಲೆ ಬರುವುದು. ನಾನು ಚಂದನಬಾರಿಯಲ್ಲಿ ಒಂದು ರಾತ್ರಿ ಜಾಸ್ತಿ ಉಳಿದು, ದಿನಾ ಸ್ವಲ್ಪ ಸ್ವಲ್ಪವೇ ಹತ್ತಿದೆ. ಆಚೆ ಸುಮಾರು 4,600 ಮೀಟರ್ ಎತ್ತರದ ಲೌರಿಬಿನಾ ಘಾಟಿ ದಾಟುವ ದಾರಿಯೂ ಇದೆ. ಅದರ ತಂಟೆಗೇ ಹೋಗಲಿಲ್ಲ, ಬಂದ ದಾರಿಯಲ್ಲೇ ವಾಪಸ್ ಬಂದೆ. ಸಮಾಧಾನ ಆಯಿತಾ?

ನೂಲು ಹುಣ್ಣಿಮೆ ದಿನ ಇಲ್ಲಿ ಸಾವಿರಾರು ಜನ ಹತ್ತುತ್ತಾರೆ. ನಮ್ಮಲ್ಲಿ ಜನಿವಾರ ಬದಲಿಸುವ ಅದೇ ದಿನ, ಇವರಿಗೆ ಜನೈ ಪೂರ್ಣಿಮಾ. ಇಲ್ಲಿನ ತಾಮಾಂಗ್ ಜನರ ಮಂತ್ರವಾದಿಗಳಾದ ಝಾಂಕ್ರಿಗಳೂ ಡೋಲು ಬಾರಿಸುತ್ತಾ ಬರುತ್ತಾರೆ. ಈಗ ಚಳಿ, ಯಾರೂ ಇಲ್ಲ. ಅರ್ಧ ದಿನ ನಡೆದರೂ ಎದುರಿಗೆ ಸಿಕ್ಕಿದ್ದು ಸೌದೆ ಹೊತ್ತ ಒಬ್ಬ ಹುಡುಗ ಮಾತ್ರ. ದಾರಿ ಪೂರ್ತಿ ಗುರಾಂಸ್, ಅಂದರೆ ರೋಡೊಡೆಂಡ್ರಾನ್ ಮರಗಳ ಕಾಡು. ಚಳಿ ಹೆಚ್ಚಾದರೆ ಅದರ ಎಲೆಗಳು ಸುರುಳಿ ಸುತ್ತಿಕೊಂಡು ಕೆಳಗೆ ಜೋಲುತ್ತವೆ, ಬಿಸಿಲು ಬಿದ್ದ ಮೇಲೆ ನಿಧಾನಕ್ಕೆ ಬಿಚ್ಚಿಕೊಳ್ಳುತ್ತವೆ. ಲೌರಿಬಿನಾ ಯಾಕ್ ಅನ್ನುವ ಜಾಗಕ್ಕೆ ಬಂದರೆ ಗಣೇಶ್ ಹಿಮಾಲ್, ಲಾಂಗ್‌ಟಾಂಗ್, ದೂರದಲ್ಲಿ ಮನಾಸ್ಲು ಎಲ್ಲ ಕಾಣುತ್ತವೆ. ಚಂದನಬಾರಿಯಲ್ಲಿ ಚೀಸ್ ಕಾರ್ಖಾನೆ ಇದೆ. ತಿಂದೆ, ಉಪ್ಪು ಜಾಸ್ತಿ.

ಇಲ್ಲಿಯವರ ಗಡಿಯಾರ ನಮಗಿಂತ ಕಾಲು ಗಂಟೆ ಮುಂದೆ. ಇಸವಿ ಕೇಳಬೇಡ, ಇವರದು ವಿಕ್ರಮ ಸಂವತ್, ಈಗ ನಮ್ಮ ಇಸವಿಗಿಂತ 57 ವರ್ಷ ಮುಂದೆ! ನಾನು ಕರ್ನಾಟಕದವಳು ಅಂದರೆ ಸಾಕು, 'ಪಶುಪತಿಯ ಭಟ್ಟರ ಕಡೆಯವರಾ?' ಅಂತ ಕೇಳುತ್ತಾರೆ. ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಮಾಡುವವರು ನಮ್ಮ ಕಡೆಯ ಭಟ್ಟರೇ ಅಲ್ವಾ. ಹಾಗಾಗಿ ನನಗೂ ಸುಮ್ನೆ ಒಂದು ಗೌರವ ಸಿಗುತ್ತದೆ, ಚಹಾ ಫ್ರೀ.

ಈಗ ಮುಖ್ಯ ವಿಷಯ. ಚೋಲಾಂಗ್‌ಪಾಟಿಯ ವಸತಿಯಲ್ಲಿ ಒಬ್ಬ ತಾಮಾಂಗ್ ಅಜ್ಜಿ ಇದ್ದರು. ಒಲೆಗೆ ಸೌದೆ ಹಾಕಲು ಹೋಗಿ ನನ್ನ ಅಂಗೈಗೆ ಸಿಬಿರು ಚುಚ್ಚಿತು. ಅಜ್ಜಿ ನನ್ನನ್ನು ಕಿಟಕಿ ಹತ್ತಿರ ಎಳೆದುಕೊಂಡು ಹೋದರು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು. ಸೂಜಿಯನ್ನು ಬೆಂಕಿಗೆ ಹಿಡಿದು, ಕೂದಲಿಗಿಂತ ತೆಳ್ಳಗಿನ ಆ ಸಿಬಿರನ್ನು ಒಂದೇ ಸಲಕ್ಕೆ ಎತ್ತಿ ತೆಗೆದರು. ರಕ್ತ ಕೂಡ ಬರಲಿಲ್ಲ. ಆಮೇಲೆ ತಮ್ಮ ಎರಡೂ ಕಣ್ಣು ತೋರಿಸಿ, 'ಇವೆರಡೂ ಹೋಗಿದ್ದವು. ಸೊಸೆ ಕೈ ಹಿಡಿದು ಶೌಚಕ್ಕೆ ಕರೆದುಕೊಂಡು ಹೋಗಬೇಕಿತ್ತು' ಅಂದರು. ಕಣ್ಣಿನ ಶಿಬಿರದಲ್ಲಿ ಪೊರೆ ತೆಗೆಸಿಕೊಂಡರಂತೆ. ಪಟ್ಟಿ ಬಿಚ್ಚಿದ ದಿನ ಮೊದಲು ಕಂಡದ್ದು ಏನು ಅಂತ ಕೇಳಿದೆ. ಡಾಕ್ಟರ ಅಂಗಿಯ ಗುಂಡಿ ಅಂದರು.

ಕಣ್ಣಿನ ಪೊರೆಯ ವಿಷಯದಲ್ಲಿ ನೇಪಾಳ ಚಿಕ್ಕ ದೇಶ ಅಂತ ತಿಳಿಯಬೇಡ. ಪಶುಪತಿ ದೇವಸ್ಥಾನದ ಹತ್ತಿರವೇ ತಿಲಗಂಗಾ ಕಣ್ಣಿನ ಆಸ್ಪತ್ರೆ ಇದೆ, 1994ರಲ್ಲಿ ಶುರುವಾದದ್ದು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಡಾಕ್ಟರ್ ಸಂದುಕ್ ರುಯಿತ್ ಅವರಿಗೆ 2018ರಲ್ಲಿ ನಮ್ಮ ಸರಕಾರವೇ ಪದ್ಮಶ್ರೀ ಕೊಟ್ಟಿದೆ. ಕಣ್ಣಿನೊಳಗೆ ಕೂರಿಸುವ ಲೆನ್ಸನ್ನೂ ಅಲ್ಲೇ ಕಡಿಮೆ ಬೆಲೆಗೆ ಮಾಡುತ್ತಾರೆ. ಸಣ್ಣ ಗಾಯ, ಹೊಲಿಗೆ ಇಲ್ಲ. ರಸ್ತೆಯಿಲ್ಲದ ಹಳ್ಳಿಗಳಿಗೂ ಹೋಗಿ ಮಾಡುತ್ತಾರೆ. ಹಾಗಿದ್ದ ಮೇಲೆ ಶಿವಮೊಗ್ಗದಲ್ಲಿ ಮಾಡಿಸಿಕೊಳ್ಳಲು ಅಪ್ಪನಿಗೆ ಏನು ಕಷ್ಟ?

ಅಪ್ಪನಿಗೆ ಓದಿ ಹೇಳುವಾಗ ಈ ಭಾಗ ಬಿಟ್ಟುಬಿಡು. ಅವರಿಗೆ ಹೆದರಿಕೆ ಅಮ್ಮಾ. ಸುಬ್ಬಣ್ಣನ ಕಣ್ಣು ಕೆಟ್ಟಿದ್ದು ಮನಸ್ಸಿನಲ್ಲಿ ಕೂತಿದೆ. ಅವನು ಮಾಗಲಿ ಮಾಗಲಿ ಅಂತ ಕಾದು ಕಾದು, ಕಣ್ಣು ಕೆಂಪಾಗಿ ನೋವು ಬಂದ ಮೇಲೆ ಆಸ್ಪತ್ರೆಗೆ ಹೋದವನು. ಪೊರೆ ಬಲಿಯಲಿ ಅಂತ ಕಾಯುವುದು ಹಿಂದಿನ ಕಾಲದ ಮಾತು. ಅತಿಯಾಗಿ ಬಲಿತರೆ ತೆಗೆಯುವುದೂ ಕಷ್ಟ, ಕಣ್ಣಿನ ಒತ್ತಡವೂ ಏರಬಹುದು. ಸಕ್ಕರೆ ಹಿಡಿತದಲ್ಲಿರಬೇಕು, ಅಷ್ಟೆ. ಚಿಕ್ಕಪ್ಪನ ಮನೆ ಹೋಳಿಗೆಗೆ ಈ ಸಲ ನೀನೇ ಅಡ್ಡ ನಿಲ್ಲು.

ಇಲ್ಲಿಂದ ಜೋರಾಗಿ ಓದು. ಅಪ್ಪಾ, ಕೊಯ್ಲು ಮುಗಿಯಲಿ ಅನ್ನುತ್ತೀರಿ. ಅದು ಮುಗಿದರೆ ತೋಟಕ್ಕೆ ಮಣ್ಣು, ಆಮೇಲೆ ಕೊಳೆರೋಗದ ಔಷಧಿ. ನೀವು ಬಿಡುವಾಗುವುದು ಯಾವಾಗ? ರವಿ ಈ ವರ್ಷ ಕೊಯ್ಲು ನೋಡಿಕೊಳ್ಳುತ್ತಾನೆ. ಆಪರೇಷನ್ ಆದ ಮೇಲೆ ಕೆಲವು ವಾರ ಧೂಳು, ಹೊಗೆ, ಭಾರ ಎತ್ತುವುದು ಬೇಡ. ಅಡಿಕೆ ಬೇಯಿಸುವ ಒಲೆ ಕಡೆ ತಲೆಯೂ ಹಾಕಬೇಡಿ. ದುಡ್ಡಿನ ಮಾತು ಎತ್ತಬೇಡಿ, ಕಳಿಸಿದ್ದೇನೆ.

ಅಮ್ಮಾ, ತೀರ್ಥದ ಮೇಲೆ ನನಗೆ ನಂಬಿಕೆ ಇಲ್ಲ ಅಂತಲ್ಲ. ಹಾಲಾಹಲ ಕುಡಿದ ಶಿವ ಗಂಟಲಿನ ಉರಿ ತಾಳದೆ ತ್ರಿಶೂಲ ಎಸೆದು ನೀರು ಚಿಮ್ಮಿಸಿದ ಜಾಗ ಇದು. ತ್ರಿಶೂಲಿ ನದಿಗೆ ಆ ಹೆಸರು ಅದರಿಂದಲೇ ಬಂದದ್ದು ಎನ್ನುತ್ತಾರೆ. ಮೊದಲು ಸರಸ್ವತಿ ಕುಂಡ, ಆಮೇಲೆ ಭೈರವ ಕುಂಡ, ಕೊನೆಗೆ ಗೋಸಾಯಿಕುಂಡ. ಅಂಚಿನಲ್ಲಿ ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು. ಕಲ್ಲಿನಿಂದ ಒಡೆದು ಸೀಸೆ ಅದ್ದಿದೆ, ಬೆರಳು ಮರಗಟ್ಟಿತು. ಅಪ್ಪನ ಹೆಸರಲ್ಲೇ ಸಂಕಲ್ಪ ಮಾಡಿದ್ದೇನೆ. ಆದರೆ ಅದು ಕುದಿಸದ ಕೆರೆ ನೀರು. ದಡದಲ್ಲಿ ಯಾಕುಗಳೂ ಮೇಯುತ್ತವೆ. ಪೊರೆ ಬಂದ ಕಣ್ಣಿಗೆ ಅದನ್ನು ಬಿಟ್ಟು ಸೋಂಕಾದರೆ ಡಾಕ್ಟರು ಆಪರೇಷನ್ ಮುಂದಕ್ಕೆ ಹಾಕುತ್ತಾರೆ. ಅಪ್ಪನಿಗೆ ಅದಕ್ಕಿಂತ ಒಳ್ಳೆಯ ನೆಪ ಬೇಕಾ?

ನನ್ನ ಚಿಂತೆ ಬೇಡವೇ ಬೇಡ. ಚೆನ್ನಾಗಿದ್ದೇನೆ, ಚೆನ್ನಾಗಿ ತಿನ್ನುತ್ತಿದ್ದೇನೆ, ನೆಗಡಿಯೂ ಇಲ್ಲ. ಬೆಂಗಳೂರಿಗೆ ಹೊರಟವರ ಟ್ಯಾಕ್ಸಿ ಕೆಳಗೆ ಹಾರ್ನ್ ಹೊಡೆಯುತ್ತಿದೆ. ಸೀಸೆಯ ಮುಚ್ಚಳ ಭದ್ರ ಇದೆಯಾ ನೋಡಬೇಕು. ರವಿಗೆ ಹೇಳು, ಸೋಮವಾರವೇ ಹೋಗಿ ಆಪರೇಷನ್ನಿಗೆ ದಿನ ಹಿಡಿದು ನನಗೆ ಫೋನ್ ಮಾಡಲಿ. ದೊಡ್ಡಮ್ಮನಿಗೆ ನಮಸ್ಕಾರ. ಉಳಿದದ್ದು ಆಮೇಲೆ.

ನಿನ್ನ,
ಪುಟ್ಟಿ